ಮೊದಲು ರಕ್ತ, ಆಮೇಲೆ ಆಣೆ

ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ನನ್ನೊಳಗೆ ಉಂಟು ಎಂಬುದು ನನಗೆ ಗೊತ್ತಾಗುವಾಗ ಅರುವತ್ತು ದಾಟಿತ್ತು. ಅಲ್ಲಿಯವರೆಗೆ ಅದು ಅದರ ಪಾಡಿಗೆ ಇತ್ತು, ನಾನು ನನ್ನ ಪಾಡಿಗೆ ಇದ್ದೆ. ಕಾಸರಗೋಡಿನ ವಿದ್ಯಾನಗರದ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಫಯಲುಗಳ ನಡುವೆ ಕೂದಲು ಕಳೆದುಕೊಂಡು, ಐವತ್ತೈದಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದವನು ನಾನು. ಕೇರಳ ಸರಕಾರದ ಲೆಕ್ಕದಲ್ಲಿ ಆಗ ಐವತ್ತೈದು ಎಂದರೆ ಮುದುಕ. ನನ್ನ ಲೆಕ್ಕದಲ್ಲಿ ನಾನು ಮುದುಕನಾಗಿರಲಿಲ್ಲ. ಬೆಳಿಗ್ಗೆ ಪೇಟೆಗೆ ಹೋಗಿ ಕನ್ನಡ ಪತ್ರಿಕೆ, ಮಲಯಾಳ ಪತ್ರಿಕೆ ಎರಡನ್ನೂ ಓದಿ ಎರಡೂ ಭಾಷೆಯಲ್ಲಿ ಬೈದು ಬರುತ್ತಿದ್ದೆ. ಉಂಡು ಮಲಗುತ್ತಿದ್ದೆ.

ಆಮೇಲೆ ಮೂತ್ರದ ತಾಪತ್ರಯ ಶುರುವಾಯಿತು. ಹೋಗಬೇಕು ಅನ್ನಿಸಿದಾಗ ಓಡಬೇಕು, ಓಡಿ ಹೋಗಿ ನಿಂತರೆ ಅದು ಬರುವುದಿಲ್ಲ. ಕಚೇರಿಯಲ್ಲಿ ಅರ್ಜಿ ಹಿಡಿದು ಬಂದವರನ್ನು ನಾವು ನಿಲ್ಲಿಸುತ್ತಿದ್ದ ಹಾಗೆ ಅದು ನನ್ನನ್ನು ನಿಲ್ಲಿಸುತ್ತಿತ್ತು. ಬಚ್ಚಲಿಗೆ ಹೋದವನು ಬೇಗ ಹೊರಗೆ ಬರುವುದಿಲ್ಲ ಎಂದು ಹೆಂಡತಿ ಬಾಗಿಲು ತಟ್ಟಿ, “ಒಳಗೆ ಇದ್ದೀರಾ ಇವರೇ, ಅಥವಾ ಕಿಟಕಿಯಿಂದ ಹೋದಿರಾ?” ಎಂದು ಕೇಳುತ್ತಿದ್ದಳು. ಶುಗರ್ ಇರಬೇಕು ಅಂದುಕೊಂಡು ಎರಡು ತಿಂಗಳು ಸಕ್ಕರೆ ಬಿಟ್ಟೆ. ಚಹ ಕೆಟ್ಟಿತೇ ಹೊರತು ಬೇರೆ ಏನೂ ಸರಿಯಾಗಲಿಲ್ಲ.

ಕೊನೆಗೆ ನನ್ನನ್ನು ಮಂಗಳೂರಿಗೆ ಎಳೆದುಕೊಂಡು ಹೋದವನು ಶಿರಿಯದ ನನ್ನ ಸ್ನೇಹಿತ. ನಾವಿಬ್ಬರೂ ಒಂದೇ ಕಚೇರಿಯಲ್ಲಿ, ಒಂದೇ ಫ್ಯಾನಿನ ಕೆಳಗೆ ಕೂತವರು. ಅವನ ಮನೆಯ ಮಾತು ಬ್ಯಾರಿ, ಆದರೆ ಹಾಸ್ಯ ಮಾಡಲಿಕ್ಕೆ ಅವನಿಗೆ ಕನ್ನಡವೇ ಆಗಬೇಕು. ಮಗ ದುಬಾಯಿಯಲ್ಲಿದ್ದುದರಿಂದ ಅವನ ಅಂಗಳದಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಅದನ್ನು ಓಡಿಸಲು ಅವನಿಗೆ ಒಂದು ಕಾರಣ ಬೇಕಾಗಿತ್ತು. ಆ ಕಾರಣ ನಾನಾದೆ.

ರಕ್ತಪರೀಕ್ಷೆ, ಆಮೇಲೆ ವೈದ್ಯರ ಕೈಗವಸಿನ ಬೆರಳು, ಆಮೇಲೆ ಸೂಜಿ ಹಾಕಿ ತುಣುಕು ತೆಗೆಯುವುದು, ಆಮೇಲೆ ಸ್ಕ್ಯಾನು. ಬೆರಳಿನ ವಿಷಯ ವಿವರಿಸುವುದಿಲ್ಲ. ನಮ್ಮ ಸರ್ವೀಸಿನಲ್ಲಿ ಎಷ್ಟೋ ತನಿಖೆಗಳು ನಡೆದಿವೆ, ಇಷ್ಟು ಆಳಕ್ಕೆ ಯಾರೂ ಇಳಿದಿರಲಿಲ್ಲ ಎಂದಷ್ಟೇ ಹೇಳುತ್ತೇನೆ.

ಸ್ಕ್ಯಾನು ನೋಡಿದ ದಿನ ವೈದ್ಯರು ನನ್ನನ್ನೂ ಹೆಂಡತಿಯನ್ನೂ ಒಟ್ಟಿಗೆ ಕೂರಿಸಿದರು. ಚಿಕ್ಕ ಪ್ರಾಯದ ಮನುಷ್ಯ. ಸುತ್ತಿ ಬಳಸುವ ಅಭ್ಯಾಸ ಇರಲಿಲ್ಲ.

“ಕ್ಯಾನ್ಸರ್ ಅಂತ ನಿಮಗೆ ಗೊತ್ತುಂಟು. ಇವತ್ತು ಹೊಸದು ಎಂತ ಅಂದರೆ, ಅದು ಪ್ರಾಸ್ಟೇಟಿನಿಂದ ಹೊರಗೆ ಬಂದು ಹತ್ತಿರದ ಎರಡು ಲಿಂಫ್ ನೋಡಿಗೆ ಹೋಗಿದೆ. ಎಲುಬಿಗೆ ಹೋಗಿಲ್ಲ.”

ಲಿಂಫ್ ನೋಡ್ ಎಂದರೆ ಶಾಲೆಯ ಪುಸ್ತಕದಲ್ಲಿ ಓದಿದ ದುಗ್ಧರಸ ಗ್ರಂಥಿ ಎಂದು ನನಗೆ ನೆನಪಾಯಿತು. ನೆನಪಾಗಿ ಪ್ರಯೋಜನ ಇರಲಿಲ್ಲ. ಹೆಂಡತಿ ನೇರವಾಗಿ ಕೇಳಿದಳು.

“ಕಾಲಿಗೆ ಮುಳ್ಳು ತಾಗಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಬರ್ತದಲ್ಲ ಡಾಕ್ಟ್ರೇ, ಅದುವಾ?”

“ಅದೇ ಜಾತಿಯದ್ದು. ಮೈಯೆಲ್ಲ ಉಂಟು. ಹೊಲಸು ಬಂದರೆ ಹಿಡಿದು ನಿಲ್ಲಿಸುವುದು ಅದರ ಕೆಲಸ.”

“ಅಂದರೆ ಚೆಕ್‌ಪೋಸ್ಟ್,” ಎಂದೆ ನಾನು. ಕಾಸರಗೋಡಿನವನಿಗೆ ಮಂಗಳೂರಿಗೆ ಹೋಗುವುದೆಂದರೆ ಗಡಿ ದಾಟುವುದು. ದಾರಿಯುದ್ದ ನಿಂತ ಲಾರಿಗಳ ಸಾಲು ನೋಡಿ ನೋಡಿ ನನಗೆ ಬೇರೆ ಏನು ಹೊಳೆಯಬೇಕು?

ವೈದ್ಯರು ನಕ್ಕರು. “ಹಾಗೇ ಇಟ್ಟುಕೊಳ್ಳಿ. ಮಾಲು ಅಲ್ಲಿ ಸಿಕ್ಕಿಬಿದ್ದಿದೆ. ಆದರೆ ಅಲ್ಲಿಯವರೆಗೆ ಬಂದಿದೆ ಅಂದರೆ ಹೊರಗೆ ಹೊರಟಿದೆ ಅಂತ ಆಯ್ತಲ್ಲ. ನಮ್ಮ ಸ್ಕ್ಯಾನಿಗೆ ಕಾಣದ ಹಾಗೆ ಒಳದಾರಿಯಲ್ಲಿ ಮುಂದೆ ಹೋದದ್ದೂ ಇರಬಹುದು. ಪ್ರಾಸ್ಟೇಟಿನ ಒಳಗೇ ಇದ್ದಿದ್ದರೆ ತೆಗೆದುಹಾಕಿ, ಮುಗೀತು ಅನ್ನಬಹುದಿತ್ತು. ನೋಡಿಗೆ ಹೋದ ಮೇಲೆ ಹಾಗೆ ಹೇಳಲಿಕ್ಕೆ ಬರುವುದಿಲ್ಲ. ಮತ್ತೆ ತಲೆ ಎತ್ತುವ ಸಂಭವ ಜಾಸ್ತಿ.”

“ಹಾಗಾದರೆ ನನ್ನ ಕತೆ ಮುಗೀತಾ?”

“ಇಲ್ಲ. ಅದೇ ಜನರಿಗೆ ಅರ್ಥ ಆಗುವುದಿಲ್ಲ. ಹತ್ತಿರದ ಒಂದೆರಡು ನೋಡಿಗೆ ಹೋದದ್ದು ಬೇರೆ, ತುಂಬ ನೋಡಿಗೆ ಹೋದದ್ದು ಬೇರೆ, ಎಲುಬಿಗೆ ಹೋದದ್ದು ಬೇರೆಯೇ. ಇಂಜೆಕ್ಷನ್ ಎರಡು ಮೂರು ವರ್ಷ ಕೊಡುವ, ರೇಡಿಯೇಶನ್ ಕೊಡುವ. ಹೀಗೆ ಇದ್ದವರು ವರ್ಷಗಟ್ಟಲೆ ಚೆನ್ನಾಗಿ ಇದ್ದಾರೆ.”

“ಎಷ್ಟು ವರ್ಷ?”

“ಅದನ್ನು ಹೇಳುವ ಅಧಿಕಾರ ನನಗಿಲ್ಲ,” ಎಂದರು. ಕಚೇರಿಯಲ್ಲಿ ಈ ವಾಕ್ಯವನ್ನು ನಾನೇ ಎಷ್ಟು ಜನರಿಗೆ ಹೇಳಿದ್ದೇನೋ. ಈಚೆ ಕುರ್ಚಿಯಲ್ಲಿ ಕೂತು ಕೇಳಿದಾಗ ಹೆದರಿಕೆಯಾಯಿತು, ಬರೆಯಲು ನಾಚಿಕೆಯೇನೂ ಇಲ್ಲ.

ಏಳುವಾಗ ವೈದ್ಯರು ಕೇಳಿದರು. “ಅಣ್ಣತಮ್ಮಂದಿರು ಇದ್ದಾರಾ?”

“ಒಬ್ಬ ಅಣ್ಣ ಇದ್ದಾನೆ.”

“ಅವರಿಗೂ ಒಂದು ರಕ್ತಪರೀಕ್ಷೆ ಮಾಡಿಸಲಿಕ್ಕೆ ಹೇಳಿ. ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಜಾಸ್ತಿ. ನೋಡಿಗೆ ಹೋಗುವ ಮೊದಲೇ ಗೊತ್ತಾದರೆ ಕತೆಯೇ ಬೇರೆ ಆಗ್ತದೆ. ತಡ ಮಾಡಬೇಡಿ.”

ನಾನು ಹೆಂಡತಿಯ ಮುಖ ನೋಡಿದೆ. ಹೆಂಡತಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದಳು. ಯಾಕೆಂದರೆ ಅಣ್ಣನಲ್ಲಿ ನಾನು ಮಾತಾಡದೆ ಆಗಲೇ ಹತ್ತು ಹನ್ನೆರಡು ವರ್ಷವಾಗಿತ್ತು. ಬರೀ ಕೋಪದಿಂದ ಬಿಟ್ಟ ಮಾತಾದರೆ ಮತ್ತೆ ಹಿಡಿಯಬಹುದು. ನಮ್ಮದು ಆಣೆ ಹಾಕಿ ಬಿಟ್ಟದ್ದು.

ಕಾರಣ ಒಂದು ಕಾಟುಮಾವಿನ ಮರ. ನಮ್ಮ ಹುಟ್ಟೂರು ನೆಕ್ರಾಜೆಯಲ್ಲಿ ನಮ್ಮಿಬ್ಬರ ಪಾಲಿನ ಜಾಗದ ಗಡಿಯಲ್ಲಿ ಅದಿತ್ತು. ಅದರ ಮಿಡಿ ಉಪ್ಪಿನಕಾಯಿಗೆ ಎಂಥದ್ದು ಎಂದು ಉಂಡವರಿಗೆ ಮಾತ್ರ ಗೊತ್ತು. ಸೊನೆಯ ಪರಿಮಳ ಕೈಯಿಂದ ಸಂಜೆಯಾದರೂ ಹೋಗುತ್ತಿರಲಿಲ್ಲ. ಊರಲ್ಲಿ ಕೃಷಿ ನೋಡಿಕೊಂಡಿದ್ದ ಅಣ್ಣ ಒಂದು ದಿನ ಅದನ್ನು ಕಡಿಸಿಹಾಕಿದ. ಕೇಳಿದರೆ, ನೆರಳು ಬೀಳುತ್ತದೆ, ಕೆಳಗೆ ಏನೂ ಬೆಳೆಯುವುದಿಲ್ಲ ಎಂದ. ನೆರಳಂತೆ! ಅದು ನಿಂತದ್ದು ತೋಟದ ಉತ್ತರದ ಕೊನೆಯಲ್ಲಿ, ಅದರ ನೆರಳು ಬೀಳುತ್ತಿದ್ದದ್ದು ಗುಡ್ಡದ ಕಲ್ಲಿನ ಮೇಲೆ. ಆ ಮರದ ವಿಷಯದಲ್ಲಿ ನಾನು ಅಂದೂ ಸರಿ, ಇಂದೂ ಸರಿ.

ಮಾತಿಗೆ ಮಾತು ಬೆಳೆದು, ಇಬ್ಬರೂ ಊರ ದೇವಸ್ಥಾನಕ್ಕೆ ಹೋಗಿ ಗರ್ಭಗುಡಿಯ ಎದುರು, ದೇವರ ನಡೆಯಲ್ಲಿ ನಿಂತು ಆಣೆ ಹಾಕಿದೆವು. ಇನ್ನು ಇವನಲ್ಲಿ ಮಾತಾಡುವುದಿಲ್ಲ, ಇವನ ಮನೆ ಮೆಟ್ಟಿಲು ತುಳಿಯುವುದಿಲ್ಲ. ಅವನೂ ಅದನ್ನೇ ಹೇಳಿದ. ನಮ್ಮ ಕಡೆ ಹೀಗೆ ಹಾಕಿದ ಆಣೆ ತನ್ನಿಂತಾನೇ ಹೋಗುವುದಿಲ್ಲ. ಇಬ್ಬರೂ ಅದೇ ನಡೆಯಲ್ಲಿ ನಿಂತು, ತಪ್ಪುಕಾಣಿಕೆ ಹಾಕಿ, ಅದನ್ನು ಬಿಡಿಸಿಕೊಳ್ಳಬೇಕು. ನಾನು ಯೂನಿಯನ್ನಿನಲ್ಲಿ ಇದ್ದವನು, ಮೆರವಣಿಗೆಯಲ್ಲಿ ಘೋಷಣೆ ಕೂಗಿದವನು, ಇದನ್ನೆಲ್ಲ ನಂಬುವುದಿಲ್ಲ. ಆದರೆ ಆಣೆ ಹಾಕಿದ ಮೇಲೆ ಅವನೇ ಮೊದಲು ಬರಲಿ ಎಂದು ಕೂತದ್ದು ಮಾತ್ರ ನಂಬಿಕೆಯವರಿಗಿಂತ ಗಟ್ಟಿಯಾಗಿ ಕೂತೆ.

ಹಾಗೆಂದು ನಮ್ಮೊಳಗೆ ಸಂಪರ್ಕವೇ ಇರಲಿಲ್ಲ ಎಂದಲ್ಲ. ಮಾತು ಬಿಟ್ಟವರಿಗೆ ನಮ್ಮಲ್ಲಿ ಒಂದು ಕ್ರಮ ಉಂಟು. ಮೂರನೆಯದಕ್ಕೆ ಹೇಳುವುದು. ಮದುವೆಮನೆಯಲ್ಲಿ ಎದುರೆದುರು ಸಿಕ್ಕಿದರೆ ಅಣ್ಣ ಚಪ್ಪರದ ಕಂಬಕ್ಕೆ ಹೇಳುತ್ತಿದ್ದ, “ಕಂಬವೇ, ಎರಡನೇ ಪಂಕ್ತಿಗೆ ಎಲೆ ಹಾಕಿ ಆಯ್ತು. ಉಣ್ಣುವವರು ಉಣ್ಣಬಹುದು.” ನಾನು ಅದೇ ಕಂಬಕ್ಕೆ, “ಹಸಿವಾದಾಗ ಉಣ್ತಾರಂತೆ ಅಂತ ಹೇಳು,” ಎನ್ನುತ್ತಿದ್ದೆ. ಕಂಬ ಎಷ್ಟೋ ಸಲ ನಮ್ಮಿಬ್ಬರನ್ನೂ ಸಂಭಾಳಿಸಿದೆ. ಆಣೆಗೂ ಭಂಗವಿಲ್ಲ, ಕೆಲಸವೂ ಆಗುತ್ತಿತ್ತು.

ಆದರೆ ಪ್ರಾಸ್ಟೇಟಿನ ವಿಷಯ ಕಂಬಕ್ಕೆ ಹೇಳುವಂಥದ್ದಲ್ಲ. ಹೆಂಡತಿ ಅತ್ತಿಗೆಗೆ ಫೋನು ಮಾಡಿದಳು. “ಅಕ್ಕಾ, ಇವರಿಗೆ ಹೀಗೆ ಆಗಿದೆ. ಭಾವನಿಗೂ ಒಂದು ರಕ್ತಪರೀಕ್ಷೆ ಮಾಡಿಸಬೇಕಂತೆ. ಡಾಕ್ಟ್ರೇ ಹೇಳಿದ್ದು.” ಅತ್ತಿಗೆ ಆ ಕಡೆಯಿಂದ ಅತ್ತಳು, ಆಯಿತು ಎಂದಳು. ಉತ್ತರ ಮಾರನೆಯ ದಿನ ಬಂತು. ಅಣ್ಣ ಹೇಳಿದನಂತೆ, “ತಾನು ಸಾಯುವಾಗ ನನ್ನನ್ನೂ ಕರೆದುಕೊಂಡು ಹೋಗಬೇಕು ಅಂತ ಆಸೆಯಾ ಅವನಿಗೆ? ಅವನಿಗೆ ಬಂದದ್ದು ನನಗೂ ಬರಲಿ ಅಂತ ಶಾಪ ಹಾಕ್ತಾನಾ?”

ನನಗೆ ಸಿಟ್ಟು ನೆತ್ತಿಗೇರಿತು. ವೈದ್ಯರ ಸಲಹೆಯನ್ನು ಶಾಪ ಎಂದು ತಿಳಿಯುವ ಮಹಾತ್ಮ ಇಡೀ ತಾಲೂಕಿನಲ್ಲಿ ಇವನೊಬ್ಬನೇ. ಹಾಳಾಗಿ ಹೋಗಲಿ, ನನಗೇನು ಎಂದು ಹೆಂಡತಿಯಲ್ಲಿ ಹೇಳಿದೆ. ಹೇಳಿ ಹತ್ತು ನಿಮಿಷಕ್ಕೆ, “ಅವನಿಗೆ ಮೂತ್ರದ ತೊಂದರೆ ಉಂಟಾ ಅಂತ ಅಕ್ಕನಲ್ಲಿ ಕೇಳಿದೆಯಾ?” ಎಂದು ಕೇಳಿದೆ. ಕೇಳಿದ್ದಳಂತೆ. ಇರಲಿಲ್ಲವಂತೆ. ತೊಂದರೆ ಇಲ್ಲದಿದ್ದರೂ ಒಳಗೆ ಇರಬಹುದು ಎಂದು ವೈದ್ಯರು ನಮಗೆ ಹೇಳಿದ್ದರು. ಆಮೇಲೆ ನನಗೆ ಸಮಾಧಾನವೇ ಇಲ್ಲ. ಒಂದೇ ಅಪ್ಪನ ರಕ್ತ. ನನ್ನದು ಗಂಟಿಗೆ ಹೋಗಿ ಆಗಿದೆ. ಅವನದು ಎಲ್ಲಿಯವರೆಗೆ ಬಂದಿದೆಯೋ?

ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಮುಟ್ಟಿತು. ವೈದ್ಯರು ಅಷ್ಟು ಬಿಡಿಸಿ ಹೇಳಿದ್ದರಲ್ಲಿ ಒಂದೇ ಒಂದು ಶಬ್ದ ಮಾತ್ರ ಹೊಳೆ ದಾಟಿ ಊರು ಸೇರಿತು. ಹರಡಿದೆ. ಎಲ್ಲಿಗೆ ಹರಡಿದೆ, ಎಷ್ಟು ಹರಡಿದೆ ಯಾರಿಗೂ ಬೇಡ. ಬ್ರೆಡ್ಡು, ಮುಸಂಬಿ ಹಿಡಿದುಕೊಂಡು ಜನ ಬರತೊಡಗಿದರು. ಬಂದವರು ನನ್ನ ಕೈ ಹಿಡಿದು ಮಾತಾಡದೆ ಕೂರುತ್ತಿದ್ದರು. ಕರುಣೆಯಿಂದಲೇ ಬಂದವರು, ನನಗೇ ಪಿತ್ತ ಕೆದರುತ್ತಿತ್ತು. ಪಕ್ಕದ ಮನೆಯವರು ನನ್ನ ಸ್ಕೂಟರಿಗೆ ಒಂದು ಸುತ್ತು ಬಂದು, “ಇದನ್ನು ಇನ್ನು ಓಡಿಸುವವರು ಯಾರು?” ಎಂದು ಬೇಸರದಿಂದ ಹೇಳಿದರು. ನಾನು ಕೂಡಲೇ ಕೀಲಿ ತೆಗೆದುಕೊಂಡು ಪೇಟೆಗೆ ಹೋಗಿ, ಬೇಡದ ತೊಂಡೆಕಾಯಿ ತಂದೆ. ಹೆಂಡತಿ ಮೂರು ದಿನ ಅದನ್ನೇ ಬೇಯಿಸಿ ಹಾಕಿದಳು.

ಆ ಹರಡಿದೆ ಎಂಬ ಶಬ್ದ ಅಣ್ಣನ ಮನೆಯಲ್ಲಿ ಬೇರೆಯೇ ಕೆಲಸ ಮಾಡಿತು. ಅವನು ಜೋಯಿಸರಲ್ಲಿಗೆ ಹೋಗಿ ಪ್ರಶ್ನೆ ಇಡಿಸಿದ. ಕವಡೆ ಹೇಳಿತಂತೆ, ಒಡಹುಟ್ಟಿದವರ ನಡುವೆ ಆಣೆಯೊಂದು ಉಳಿದಿದೆ, ಒಬ್ಬ ಹೋಗುವ ಮೊದಲು ಬಿಡಿಸದಿದ್ದರೆ ಅದು ಇನ್ನೊಬ್ಬನ ಸಂತಾನಕ್ಕೆ ಸುತ್ತಿಕೊಳ್ಳುತ್ತದೆ. ನಾನು ಹೋಗುವವನು ಎಂದು ತೀರ್ಮಾನವಾಗಿಯೇ ಇತ್ತಲ್ಲ. ಅವನಿಗೆ ಅವಸರವಾಯಿತು.

ನೆಕ್ರಾಜೆಯಿಂದ ಸಂದೇಶ ತಂದವನು ಶಿರಿಯದ ಸ್ನೇಹಿತ. ಅಣ್ಣ ಅವನನ್ನು ಪೇಟೆಯಲ್ಲಿ ಹಿಡಿದು ಹೇಳಿ ಕಳಿಸಿದ್ದ.

“ನಿನ್ನ ಅಣ್ಣ ಆಣೆ ಬಿಡಿಸಲಿಕ್ಕೆ ತಯಾರಂತೆ. ನೀನು ಬದುಕಿರುವಾಗಲೇ ಬರಬೇಕಂತೆ,” ಎಂದ ಅವನು, ನಗು ತಡೆದುಕೊಂಡು. “ಸತ್ತ ಮೇಲೆ ಬಂದರೆ ಆಗುವುದಿಲ್ಲವಂತೆ.”

ಜೀವಮಾನದಲ್ಲಿ ಕಚೇರಿಯಿಂದ ಕಲಿತದ್ದು ಒಂದೇ. ಎದುರಿನವನಿಗೆ ನಮ್ಮ ಸಹಿ ಅರ್ಜೆಂಟಾಗಿ ಬೇಕಾದಾಗ ಮಾತ್ರ ಅವನಲ್ಲಿ ಕೆಲಸ ಮಾಡಿಸಿಕೊಳ್ಳಬಹುದು.

“ಬರ್ತೇನೆ ಅಂತ ಹೇಳು. ಆದರೆ ಅವ ಮೊದಲು ರಕ್ತ ಕೊಡಬೇಕು. ರಕ್ತ ಕೊಟ್ಟು ಬಂದರೆ ಮಾತ್ರ ನಾನು ನಡೆಯಲ್ಲಿ ನಿಲ್ಲುವುದು. ಮೊದಲು ರಕ್ತ, ಆಮೇಲೆ ಆಣೆ.”

“ನಾನು ಎಂತ ಮಾರಾಯ, ಪೋಸ್ಟ್‌ಮ್ಯಾನಾ?”

“ನೀನು ಕಂಬ,” ಎಂದೆ.

ಒಂದು ವಾರ ಆ ಕಂಬ ಶಿರಿಯ, ನೆಕ್ರಾಜೆ, ವಿದ್ಯಾನಗರ ಎಂದು ಕಾರಿನಲ್ಲಿ ತಿರುಗಿತು. ಮೊದಲು ಆಣೆ, ಆಮೇಲೆ ರಕ್ತ ನೋಡುವ ಎಂದ ಅಣ್ಣ. ಆಗುವುದಿಲ್ಲ ಎಂದೆ. ರಕ್ತ ಎಲ್ಲಿಂದ ತೆಗೆಯುತ್ತಾರೆ ಎಂದು ಕೇಳಿದನಂತೆ. ಕೈಯಿಂದ ಎಂದು ಹೇಳಿ ಕಳಿಸಿದೆ. ಬೆರಳಿನ ಸುದ್ದಿ ಎತ್ತಬೇಡ ಎಂದು ಸ್ನೇಹಿತನಿಗೆ ತಾಕೀತು ಮಾಡಿದೆ. ನನ್ನ ಆರೋಗ್ಯ ಹೇಗಿದೆ ಎಂದು ಅಣ್ಣ ಪ್ರತಿ ಸಲವೂ ವಿಚಾರಿಸುತ್ತಿದ್ದನಂತೆ. ಅದು ಪ್ರೀತಿಯೋ, ಸಮಯ ಎಷ್ಟು ಉಳಿದಿದೆ ಎಂಬ ಲೆಕ್ಕವೋ ಸ್ನೇಹಿತನಿಗೂ ಗೊತ್ತಾಗಲಿಲ್ಲ. “ಹುಷಾರಿಲ್ಲ, ತುಂಬ ಸೊರಗಿದ್ದಾನೆ ಅಂತ ಹೇಳು,” ಎಂದೆ ನಾನು, ತೊಂಡೆಕಾಯಿ ಪಲ್ಯದಲ್ಲಿ ಎರಡನೇ ಸಲ ಅನ್ನ ಕಲಸುತ್ತಾ.

ಕೊನೆಗೆ ಅವನು ಕಾಸರಗೋಡು ಪೇಟೆಯ ಲ್ಯಾಬಿನಲ್ಲಿ ರಕ್ತ ಕೊಟ್ಟ. ಕೈಮಡಿಕೆಗೆ ಅಂಟಿಸಿದ ಹತ್ತಿಯನ್ನು ತೆಗೆಯದೆ, ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡೇ ದೇವಸ್ಥಾನಕ್ಕೆ ಬಂದ. ಮುದುಕನಾಗಿದ್ದ. ಮದುವೆಮನೆಗಳಲ್ಲಿ ದೂರದಿಂದ ನೋಡಿದಾಗ ಕಾಣದ ಮುದಿತನ ನಡೆಯಲ್ಲಿ ಪಕ್ಕಕ್ಕೆ ನಿಂತಾಗ ಕಂಡಿತು. ಅರ್ಚಕರು ನಮ್ಮ ಪರವಾಗಿ ಪ್ರಾರ್ಥಿಸಿ, ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದಾರೆ ಎಂದು ದೇವರಿಗೆ ತಿಳಿಸಿದರು. ನಾವಿಬ್ಬರೂ ಕೈಮುಗಿದೆವು. ತೀರ್ಥ ತೆಗೆದುಕೊಂಡೆವು. ಅಲ್ಲಿಗೆ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ.

ಆದರೂ ಪ್ರದಕ್ಷಿಣೆ ಮುಗಿಸಿ ಹೊರಗೆ ಬಂದ ಅಣ್ಣ, ಚಪ್ಪಲಿ ಹಾಕಿಕೊಳ್ಳುತ್ತಾ ಅಲ್ಲಿ ಕಾಯುತ್ತಿದ್ದ ನನ್ನ ಸ್ನೇಹಿತನಿಗೆ, “ಬಿಸಿಲು ಜೋರುಂಟು, ಹುಷಾರಾಗಿ ಹೋಗಲಿಕ್ಕೆ ಹೇಳು,” ಎಂದ. ಇಷ್ಟು ವರ್ಷದ ಅಭ್ಯಾಸ ದೇವರು ಬಿಟ್ಟರೂ ನಾಲಿಗೆ ಬಿಡಬೇಕಲ್ಲ.

ಎರಡು ದಿನದಲ್ಲಿ ಲ್ಯಾಬಿನವರು ಕೊಟ್ಟ ಅಂಕೆ ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು.

ಅತ್ತಿಗೆ ಮತ್ತೆ ಅತ್ತಳು. ಅಣ್ಣ ಆಣೆ ಬಿಡಿಸಲು ತಡವಾಯಿತು ಎಂದ. ನಾನು ಸ್ನೇಹಿತನ ಮೂಲಕ, ಆಣೆಗೂ ಪ್ರಾಸ್ಟೇಟಿಗೂ ಒಂದೇ ದಾರಿ ಅಲ್ಲ, ಬಾಯಿ ಮುಚ್ಚಿಕೊಂಡು ಮಂಗಳೂರಿಗೆ ಬರಲಿ ಎಂದು ಹೇಳಿಸಿದೆ. ಬಂದ. ಬೆರಳಿನ ಪರೀಕ್ಷೆಯ ದಿನ ಒಳಗಿನಿಂದ ಅವನ ಧ್ವನಿ ಹೊರಗಿನ ಬೆಂಚಿನವರೆಗೆ ಕೇಳಿತು. ಹೊರಗೆ ಬಂದವನು ಸ್ನೇಹಿತನನ್ನು ಸುಡುವ ಹಾಗೆ ನೋಡಿ, “ಕೈಯಿಂದ ಅಂತ ಹೇಳಿದ್ದನಲ್ಲ ಅವ?” ಎಂದ. ನಾನು ಪತ್ರಿಕೆ ಅಡ್ಡ ಹಿಡಿದು ನಕ್ಕೆ. ಎಷ್ಟೋ ತಿಂಗಳ ನಂತರ ಹೊಟ್ಟೆ ತುಂಬ ನಕ್ಕೆ.

ತುಣುಕಿನಲ್ಲಿ ಕ್ಯಾನ್ಸರ್ ಇತ್ತು. ಸ್ಕ್ಯಾನಿನಲ್ಲಿ ಹೊರಗೆ ಎಲ್ಲಿಯೂ ಕಾಣಲಿಲ್ಲ. ಆದರೆ ಕಾಣದ್ದು ಇಲ್ಲ ಎಂದು ಅರ್ಥವಲ್ಲ ಎಂದರು ವೈದ್ಯರು. “ಆಪರೇಶನ್ ಮಾಡುವ. ಪ್ರಾಸ್ಟೇಟಿನ ಜೊತೆ ಹತ್ತಿರದ ನೋಡುಗಳನ್ನೂ ತೆಗೆದು ಪರೀಕ್ಷೆಗೆ ಕಳಿಸುವ. ಅದರಲ್ಲಿ ಇಲ್ಲ ಅಂತಾದರೆ ನಿಮ್ಮ ಅದೃಷ್ಟ. ಇದ್ದರೆ ತಮ್ಮನ ದಾರಿಯೇ ನಿಮಗೂ.”

ಅಣ್ಣ ಆಗ ಮೊದಲ ಸಲ ನನ್ನ ಕಡೆ ತಿರುಗಿ ನೋಡಿದ. ನನ್ನ ದಾರಿ ಹೇಗಿತ್ತೆಂದು ಅವನಿಗೆ ಅಷ್ಟರಲ್ಲಿ ಕಾಣುತ್ತಿತ್ತು. ನನಗೆ ಇಂಜೆಕ್ಷನ್ ಶುರುವಾಗಿತ್ತು. ಆ ಇಂಜೆಕ್ಷನಿನ ಕೆಲಸ ಗಂಡಸಿನ ಹಾರ್ಮೋನನ್ನು ನಿಲ್ಲಿಸಿ ಕ್ಯಾನ್ಸರನ್ನು ಉಪವಾಸ ಕೆಡಹುವುದು. ಜೊತೆಗೆ ನನ್ನನ್ನೂ ಕೆಡವಿತು. ಕೂತಲ್ಲೇ ಎದೆಯಿಂದ ತಲೆಯವರೆಗೆ ಬೆಂಕಿ ಏರುವುದು, ಅಂಗಿ ಒದ್ದೆಯಾಗುವುದು, ಆಮೇಲೆ ಚಳಿ. ಮೊದಲ ಸಲ ಹಾಗಾದಾಗ ಹೃದಯವೇ ನಿಂತಿತು ಎಂದು ಕೂಗಿಕೊಂಡೆ. ಹೆಂಡತಿ ಬಂದು ಮುಖ ನೋಡಿ, ಬೀಸಣಿಗೆ ಕೈಗೆ ಕೊಟ್ಟಳು.

“ಹೆದರಬೇಡಿ. ನನಗೆ ಮುಟ್ಟು ನಿಲ್ಲುವಾಗ ನಾಲ್ಕು ವರ್ಷ ಹೀಗೇ ಇತ್ತು. ಆಗ ನೀವು ಚಳಿ ಅಂತ ಫ್ಯಾನು ಆಫ್ ಮಾಡ್ತಿದ್ದಿರಿ.”

ಆಮೇಲಿಂದ ನನ್ನ ವೈದ್ಯೆ ಅವಳೇ. ತೆಳು ಹತ್ತಿ ಬಟ್ಟೆ ಹಾಕಿ ಎಂದಳು, ಚಹ ಕಡಿಮೆ ಮಾಡಿ ಎಂದಳು, ಕಣ್ಣೀರು ಬಂದರೆ ಬರಲಿ ಎಂದಳು. ಬರುತ್ತಿತ್ತು. ಧಾರಾವಾಹಿಯಲ್ಲಿ ಯಾರದೋ ಸೊಸೆ ಮನೆಬಿಟ್ಟರೆ ನನಗೆ ಅಳು. ಮಾನ ಮರ್ಯಾದೆ ಎಲ್ಲ ಹೋದ ಮೇಲೆ ಒಂಥರಾ ಹಗುರವೂ ಆಗಿತ್ತು.

ಅಣ್ಣನ ಆಪರೇಶನ್ ಸಸೂತ್ರವಾಗಿ ಆಯಿತು. ತೆಗೆದ ಗಂಟುಗಳು ಪರೀಕ್ಷೆಗೆ ಹೋದವು. ಅದರ ಫಲಿತಾಂಶ ಬರುವವರೆಗಿನ ಆ ಕೆಲವು ದಿನ ನನಗೆ ನನ್ನದೇ ಫಲಿತಾಂಶ ಕಾಯುವಾಗಿನಷ್ಟೇ ನಿದ್ದೆ ಕೆಟ್ಟಿತು. ನನ್ನದಾದರೆ ಗೊತ್ತಾಗಿ ಹೋಗಿದೆ, ಒಗ್ಗಿ ಹೋಗಿದೆ. ಅವನದರಲ್ಲಿಯೂ ಗಂಟಿಗೆ ಹೋಗಿದ್ದರೆ ಏನು ಮಾಡುವುದು? ಹತ್ತು ಹನ್ನೆರಡು ವರ್ಷ ಅವನನ್ನು ದ್ವೇಷಿಸುತ್ತಿದ್ದೇನೆ ಎಂದುಕೊಂಡಿದ್ದೆ. ದ್ವೇಷಿಸುವವನ ಫಲಿತಾಂಶ ಬಂತಾ ಎಂದು ದಿನಕ್ಕೆ ನಾಲ್ಕು ಸಲ ಕೇಳಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ.

ಫಲಿತಾಂಶ ಬಂದ ದಿನ ನಾವು ಮೂವರೇ ಹೋದದ್ದು. ಅಣ್ಣ, ನಾನು, ಕಾರಿನ ಯಜಮಾನ. ವೈದ್ಯರು ಕಂಪ್ಯೂಟರಿನಿಂದ ತಲೆ ಎತ್ತಿ, “ಲಿಂಫ್ ನೋಡುಗಳೆಲ್ಲ ಕ್ಲೀನ್. ಒಂದರಲ್ಲೂ ಇಲ್ಲ,” ಎಂದರು. “ಇನ್ನು ಆಗಾಗ ರಕ್ತಪರೀಕ್ಷೆ ಸಾಕು. ಔಷಧ ಬೇಡ, ಇಂಜೆಕ್ಷನ್ ಬೇಡ. ಇನ್ನೂ ಎರಡು ವರ್ಷ ಕಳೆದು ಬಂದಿದ್ದರೆ ಹೀಗೆ ಹೇಳಲಿಕ್ಕೆ ಆಗ್ತಿತ್ತೋ ಇಲ್ಲವೋ.”

ಆ ಕ್ಷಣ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಬೀಸಣಿಗೆ ನನಗೆ, ರೇಡಿಯೇಶನ್ ಟೇಬಲ್ಲು ನನಗೆ, ಮತ್ತೆ ತಲೆ ಎತ್ತೀತೋ ಎಂಬ ಹೆದರಿಕೆ ನನಗೆ. ಮರ ಕಡಿದವನಿಗೆ ಎಲ್ಲ ಕ್ಲೀನ್! ಆಮೇಲೆ ಅದರ ಹಿಂದಿನಿಂದ ಬೇರೆ ಏನೋ ಬಂತು. ಹೊರಗೆ ಹೋಗಿ ನೀರಿನ ನಳ್ಳಿಯ ಹತ್ತಿರ ನಿಂತು ಅತ್ತೆ. ಇಂಜೆಕ್ಷನಿನಿಂದ ಎಂದು ಯಾರಾದರೂ ಕೇಳಿದರೆ ಹೇಳಬಹುದಿತ್ತು. ಯಾರೂ ಕೇಳಲಿಲ್ಲ. ಸಂತೋಷಕ್ಕೆ ಅತ್ತದ್ದು ಅದು.

ವಾಪಸು ಬರುವಾಗ ಅಣ್ಣ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಗಡಿಯಲ್ಲಿರುವ ತಲಪಾಡಿ ದಾಟಿದ ಮೇಲೆ ಲಾರಿಗಳ ಸಾಲಿನಲ್ಲಿ ಕಾರು ನಿಂತಿತು. ಅಣ್ಣ ಸ್ಟೇರಿಂಗ್ ಕಡೆ ನೋಡಿಕೊಂಡು ಹೇಳಿದ, “ಅವನದ್ದು ಗಂಟಿಗೆ ಹೋಯಿತು, ನನ್ನದು ಹೋಗಲಿಲ್ಲ. ಯಾಕೆ ಅಂತ ಅವನಲ್ಲಿ ಕೇಳು.”

ಸ್ನೇಹಿತ ಅವನ ಮುಖ ನೋಡಿದ. ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಕಾರನ್ನು ಬದಿಗೆ ತಂದು ನಿಲ್ಲಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

“ಕಂಬಕ್ಕೆ ಸಾಕಾಯ್ತು ಮಾರಾಯ್ರೇ. ಕಂಬ ಚಾ ಕುಡಿದು ಬರ್ತದೆ,” ಎಂದು ಬಾಗಿಲು ಹಾಕಿ ಎದುರಿನ ಗೂಡಂಗಡಿಗೆ ಹೋಗಿಬಿಟ್ಟ.

ಕಾರಿನಲ್ಲಿ ನಾವಿಬ್ಬರೇ ಉಳಿದೆವು. ಅಣ್ಣ ಡ್ಯಾಶ್‌ಬೋರ್ಡ್ ನೋಡಿದ, ಕಿಟಕಿ ನೋಡಿದ, ಮೇಲೆ ನೇತಾಡುತ್ತಿದ್ದ ಜಪಮಣಿಯನ್ನು ನೋಡಿದ. ಅದಕ್ಕೆ ಏನಾದರೂ ಹೇಳುತ್ತಾನೋ ಎಂದು ನಾನು ಕಾದೆ. ಇಲ್ಲ. ಹೊಲಿಗೆ ಹಾಕಿದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಷ್ಟಪಟ್ಟು ಇಡೀ ಮೈ ಹಿಂದಕ್ಕೆ ತಿರುಗಿಸಿದ.

“ನಿನ್ನದೂ ಮೊದಲೇ ಗೊತ್ತಾಗಿದ್ದರೆ ಹೀಗೇ ಆಗ್ತಿತ್ತಾ?”

“ಆಗ್ತಿತ್ತೋ ಏನೋ. ನಿನಗೆ ಹೇಳಲಿಕ್ಕೆ ನಾನಿದ್ದೆ. ನನಗೆ ಹೇಳಲಿಕ್ಕೆ ಯಾರೂ ಇರಲಿಲ್ಲ,” ಎಂದೆ.

ಅವನ ಗಲ್ಲ ನಡುಗಿತು. ಅಮ್ಮ ಹೋದ ದಿನವೂ ಹೀಗೆಯೇ ನಡುಗಿದ್ದನ್ನು ನಾನು ನೋಡಿದ್ದೆ.

“ಆ ಮರ ನಾನು ಕಡಿಸಬಾರದಿತ್ತು,” ಎಂದ.

ಈ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ! ಬಂದಾಗ ಹೇಗೆ ತಿವಿಯಬೇಕು, ಏನೇನು ಹೇಳಬೇಕು, ಎಲ್ಲ ತಯಾರು ಮಾಡಿ ಇಟ್ಟುಕೊಂಡಿದ್ದೆ. ಎದುರಿಗೆ ಹೊಟ್ಟೆ ಹಿಡಿದುಕೊಂಡು ಕೂತ ಮುದುಕನನ್ನು ನೋಡಿದಾಗ ಒಂದೂ ಬಾಯಿಗೆ ಬರಲಿಲ್ಲ.

“ಬಿಡು ಅಣ್ಣಾ. ಅದು ಸ್ವಲ್ಪ ನೆರಳು ಮಾಡ್ತಿತ್ತು,” ಎಂದೆ.

ಅಪ್ಪಟ ಸುಳ್ಳು. ಅಣ್ಣನ ಮುಖ ಒಮ್ಮೆಲೇ ಅರಳಿತು. ಗಲ್ಲ ನಡುಗುವುದು ನಿಂತಿತು. ಬೆರಳು ಎತ್ತಿ, “ನೋಡು! ಅದೇ ನಾನು ಅವತ್ತೂ ಹೇಳಿದ್ದು! ನೀನು ಕೇಳಿದೆಯಾ?” ಎಂದ.

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. ಅದರ ಹಿಂದೆಯೇ ಇಂಜೆಕ್ಷನಿನ ಬೆಂಕಿಯೂ ಏರಿ ಅಂಗಿ ಒದ್ದೆಯಾಯಿತು. ಅಣ್ಣ ಹೆದರಿ, ಮಡಿಲಲ್ಲಿದ್ದ ಆಸ್ಪತ್ರೆಯ ಫಯಲು ತೆಗೆದು ನನಗೆ ಗಾಳಿ ಬೀಸತೊಡಗಿದ. ಬೀಸುತ್ತಲೇ ಆ ಮರದಿಂದಾಗಿ ತನಗಾದ ನಷ್ಟವನ್ನೆಲ್ಲ ವಿವರವಾಗಿ ಹೇಳತೊಡಗಿದ. ಹೇಳಲಿ ಎಂದು ಬಿಟ್ಟೆ. ಜಗಳ ಮಾಡಲು ನನಗೆ ಎಷ್ಟು ವರ್ಷ ಉಂಟೋ ಗೊತ್ತಿಲ್ಲ, ಅವನಿಗಂತೂ ಬೇಕಾದಷ್ಟು ಉಂಟು.